ಅನ್ಯರ ದಾನ, ನಮ್ಮ ಹೆಸರು

“ಉಚಿತವಾಗಿ ದೊರೆತುದಕ್ಕೆ ಒಡೆಯನಿಲ್ಲ, ಒಡೆಯನಿಲ್ಲದುದನ್ನು ಮಾರಿದರೆ ಕಳವಾಗದು” ಎಂಬ ವಾದವನ್ನು ನಮ್ಮ ಶ್ರಾವಕ ಉದ್ಯಮಿಗಳ ಬಾಯಿಂದಲೇ ಕೇಳಬೇಕಾಗಿ ಬಂದಿದೆ. ಮರ, ಲೋಹಗಳನ್ನು ಕೊರೆಯುವ ಗಣಕಚಾಲಿತ ಯಂತ್ರಗಳನ್ನು ನಡೆಸುವ ಲಿನಕ್ಸ್‌ಸಿಎನ್‌ಸಿ ಎಂಬ ತಂತ್ರಾಂಶವಿದೆ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ 1990ರ ದಶಕದಲ್ಲಿ ಮೊಳೆತ ಇದು ಸ್ವಯಂಸೇವಕರ ಶ್ರಮದಿಂದ ಬೆಳೆದು, 2011ರಲ್ಲಿ ಈಗಿನ ಹೆಸರು ಪಡೆಯಿತು. ಇಂಥ ತಂತ್ರಾಂಶವನ್ನು ಯಂತ್ರಕ್ಕೆ ಜೋಡಿಸಿ, ಕರ್ತೃಗಳ ಹೆಸರಳಿಸಿ, ತಮ್ಮದೇ ಸೃಷ್ಟಿಯೆಂದು ಮಾರುವವರಿದ್ದಾರೆ.

ಇದರಿಂದ ಹಣ ಗಳಿಸುವುದೇ ದೋಷವೆನ್ನುವ ಹಿರಿಯರ ಮಾತನ್ನೂ ನಾನು ಒಪ್ಪಲಾರೆ. ಮೋಟಾರುಗಳನ್ನು ಹದಗೊಳಿಸುವುದು, ಅಳತೆ ತಪ್ಪಿದಾಗ ಬಂದು ಸರಿಪಡಿಸುವುದು, ಕೆಲಸಗಾರನಿಗೆ ಕಲಿಸುವುದು ಇವೆಲ್ಲ ದುಡಿಮೆ. ದುಡಿಮೆಗೆ ಕೂಲಿ ನ್ಯಾಯ. ಈ ತಂತ್ರಾಂಶಕ್ಕೆ ಅನ್ವಯಿಸುವ ಜಿಪಿಎಲ್ ಪರವಾನಗಿಯ 1991ರ ಎರಡನೆಯ ಆವೃತ್ತಿಯೇ ಪ್ರತಿ ಮಾಡಿಕೊಡುವುದಕ್ಕೂ ಖಾತರಿ ನೀಡುವುದಕ್ಕೂ ಶುಲ್ಕ ಪಡೆಯಲು ಅನುಮತಿಸಿದೆ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳಷ್ಟೆ. ಓಲೆಗರಿಗೆ, ಲಿಪಿಕಾರರ ಅನ್ನಕ್ಕೆ ವೆಚ್ಚವಿಲ್ಲದೆ ಅದು ನಡೆದೀತೆ? ಆದರೆ ಆಕೆ ಪೊನ್ನನ ಹೆಸರನ್ನು ಒರೆಸಲಿಲ್ಲ.

ದೋಷವಿರುವುದು ಬೇರೆಡೆ. ತಂತ್ರಾಂಶವನ್ನು ಕೊಟ್ಟವರು ಷರತ್ತಿನೊಡನೆ ಕೊಟ್ಟಿದ್ದಾರೆ: ಕರ್ತೃಗಳ ಹಕ್ಕಿನ ಸೂಚನೆಯನ್ನು ಉಳಿಸಬೇಕು, ಮೂಲಸಂಕೇತವನ್ನು ಜೊತೆಗೇ ಕೊಡಬೇಕು, ಇಲ್ಲವೇ ಕೇಳಿದವರಿಗೆ ಕೊಡುವೆನೆಂದು ಕನಿಷ್ಠ ಮೂರು ವರ್ಷಗಳ ಲಿಖಿತ ವಾಗ್ದಾನ ನೀಡಬೇಕು. ಷರತ್ತು ಮೀರಿ ಇಟ್ಟುಕೊಂಡದ್ದು ಅದತ್ತವೇ, ಅಂದರೆ ಕೊಡದೆ ತೆಗೆದುಕೊಂಡದ್ದೇ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನೂ ಎಣಿಸಿದೆ. ಒಂದನ್ನು ಇನ್ನೊಂದೆಂದು ತೋರಿಸಿ ಮಾರುವುದು ತುಪ್ಪ, ಕೇಸರಿಗಳಿಗೆ ಮಾತ್ರ ಮೀಸಲೆಂದು ಯಾವ ಆಚಾರ್ಯರೂ ಹೇಳಿಲ್ಲ. ಇದರ ಹಾನಿ ದೂರದ ಕರ್ತೃಗಳಿಗಷ್ಟೇ ಅಲ್ಲ. ಮಾರಿದವನು ಅಂಗಡಿ ಮುಚ್ಚಿದರೆ, ಸಾಲ ಮಾಡಿ ಯಂತ್ರ ಕೊಂಡ ಬಡಗಿಗೆ ಅದನ್ನು ದುರಸ್ತಿ ಮಾಡಿಸುವ ದಾರಿಯೂ ಮುಚ್ಚುತ್ತದೆ.

ಇಂಥ ಗಳಿಕೆಯ ಒಂದು ಪಾಲು ದೇಣಿಗೆಯಾಗಿ ಬಸದಿಗೂ ಬಂದೀತು. ದಾನಿಯ ಹೆಸರು ಅಮೃತಶಿಲೆಯ ಫಲಕವನ್ನೇರೀತು. ಅನ್ಯರ ಹೆಸರನ್ನು ಅಳಿಸಿದವನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ಮುನ್ನ, ಮಾರಿದ ಯಂತ್ರಗಳೊಡನೆ ಪರವಾನಗಿ ಪತ್ರವನ್ನೂ ಮೂಲಸಂಕೇತವನ್ನೂ ಕೊಟ್ಟಿದ್ದಾನೆಯೆ ಎಂದು ಟ್ರಸ್ಟಿನ ಪದಾಧಿಕಾರಿಗಳು ಕೇಳಲಿ.