ಎರಡು ಸ್ಟಾರ್‌ ಸಿನಿಮಾಗೆ ಬಟವಾಡೆ ದುಡ್ಡು

‘ಅಕ್ಕಾ, ಎರಡೇ ಸ್ಟಾರ್ ಕೊಟ್ಟವ್ರೆ. ಆದ್ರೂ ಹೋಗಣ್ವಾ?’

ಪಿಯುಸಿ ಓದುತ್ತಿರುವ ತಮ್ಮ ಮೊಬೈಲ್ ಹಿಡಿದು ಮುಂದೆ ನಿಂತಿದ್ದ. ಹೊಸದೊಂದು ಸೂಪರ್‌ಹೀರೊ ಸಿನಿಮಾ. ಶೆಟ್ಟಿಹಳ್ಳಿಯಿಂದ ಹಾಸನಕ್ಕೆ ಹೋಗಿ ಬರುವ ಖರ್ಚು, ಟಿಕೆಟ್, ಇಂಟರ್‌ವಲ್‌ನಲ್ಲಿ ಪಾಪ್‌ಕಾರ್ನ್ ಸೇರಿದರೆ ಐನೂರರ ನೋಟು ಖಾಲಿ. ಅದು ಅಮ್ಮ ಡೇರಿಗೆ ಹಾಲು ಹಾಕಿ ಪಡೆದ ಬಟವಾಡೆಯ ದುಡ್ಡು. ಡಿಗ್ರಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನಗೆ ಸಿನಿಮಾಕ್ಕಿಂತ ಮೊದಲು ಅರ್ಜಿ ಶುಲ್ಕ ನೆನಪಾಗುತ್ತದೆ.

‘ಬೇಡ’ ಎನ್ನುವಷ್ಟರಲ್ಲಿ 2018ರ ದಸರಾ ರಜೆ ಕಣ್ಮುಂದೆ ಬಂತು. ಮೈಸೂರಿನ ಸೋದರತ್ತೆ ಮನೆಗೆ ಹೋಗಿದ್ದಾಗ ನಾವಿಬ್ಬರೂ ‘ವೆನಮ್’ ನೋಡಿದ್ದೆವು. ವಿಮರ್ಶಕರು ಹಿಗ್ಗಾಮುಗ್ಗಾ ಬೈದಿದ್ದ ಸಿನಿಮಾ. ‘ರಾಟನ್ ಟೊಮ್ಯಾಟೋಸ್’ ತಾಣದಲ್ಲಿ ಅದಕ್ಕೆ ದಕ್ಕಿದ್ದು ಶೇ 30ರ ಆಸುಪಾಸು. ಕಥೆ ಹಳೆಯದು ಎಂಬ ದೂರು ಸುಳ್ಳೇನಲ್ಲ. ಆದರೆ ಟಾಮ್ ಹಾರ್ಡಿಯ ಮೈಯೊಳಗೆ ಸೇರಿಕೊಂಡ ಅನ್ಯಗ್ರಹದ ಜೀವಿ ಅವನ ಜೊತೆಗೇ ಜಗಳಕ್ಕಿಳಿದಾಗ ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು. ನಾವಷ್ಟೇ ಅಲ್ಲ, ಆ ಸಿನಿಮಾ ಜಗತ್ತಿನಾದ್ಯಂತ 85 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. 2021 ಮತ್ತು 2024ರಲ್ಲಿ ಮುಂದಿನ ಭಾಗಗಳೂ ಬಂದವು.

ಆ ಶೇಕಡಾವಾರು ನಮ್ಮ ಮಾರ್ಕ್ಸ್‌ ಕಾರ್ಡ್‌ನಂತಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಶೇ 30 ಎಂದರೆ ನೂರಕ್ಕೆ ಮೂವತ್ತು ಅಂಕವಲ್ಲ. ಹತ್ತು ವಿಮರ್ಶಕರಲ್ಲಿ ಮೂವರು ಮೆಚ್ಚಿದ್ದಾರೆ ಎಂದರ್ಥ. ನಮ್ಮ ಅಭಿರುಚಿ ಆ ಮೂವರದ್ದೇ ಆಗಿರಬಹುದಲ್ಲವೇ?

ಹಾಗಂತ ವಿಮರ್ಶೆಯೇ ಬೇಡ ಎನ್ನುತ್ತಿಲ್ಲ. 2016ರಲ್ಲಿ ‘ಬ್ಯಾಟ್‌ಮನ್ ವರ್ಸಸ್ ಸೂಪರ್‌ಮನ್’ ಅಮೆರಿಕದಲ್ಲಿ ಮೊದಲ ವಾರಾಂತ್ಯ 16 ಕೋಟಿ ಡಾಲರ್ ದಾಟಿತ್ತು. ಎರಡನೇ ವಾರಾಂತ್ಯಕ್ಕೆ 5 ಕೋಟಿಯ ಹತ್ತಿರಕ್ಕೆ ಕುಸಿಯಿತು. ಅಲ್ಲಿ ವಿಮರ್ಶಕರ ಅಸಮಾಧಾನ ಬಹಳಷ್ಟು ಪ್ರೇಕ್ಷಕರದ್ದೂ ಆಗಿತ್ತು. ಅದಕ್ಕೇ ಸ್ಟಾರ್ ಎಣಿಸುವ ಬದಲು ಕಾರಣ ಓದಬೇಕು. ‘ಮಕ್ಕಳಾಟದಂತಿದೆ’ ಎಂಬ ಬೈಗುಳ ನನ್ನ ತಮ್ಮನ ಪಾಲಿಗೆ ಆಹ್ವಾನಪತ್ರಿಕೆಯೂ ಆಗಬಹುದು.

ನಿಜವಾದ ತೊಡಕು ಟಿಕೆಟ್ ದರದ್ದು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡೆ ನೀಡಿತು. ಟಿಕೆಟ್ ಅಗ್ಗವಾಗಿದ್ದರೆ ಕೆಟ್ಟ ಸಿನಿಮಾ ನೋಡಿ ನಗುತ್ತಾ ಮನೆಗೆ ಬರಬಹುದು. ದುಬಾರಿಯಾದಷ್ಟೂ ತಪ್ಪು ಮಾಡಲು ಭಯ. ಆಗ ನಮಗೇನು ಇಷ್ಟ ಎಂಬುದನ್ನೂ ಬೇರೆಯವರ ಬಾಯಿಂದಲೇ ಕೇಳಿ ತಿಳಿಯಬೇಕಾಗುತ್ತದೆ. ಓದು, ಕೆಲಸ ಎಲ್ಲದರಲ್ಲೂ ಊರಿನವರ ಅಭಿಪ್ರಾಯ ಕೇಳಿಯೇ ಹೆಜ್ಜೆ ಇಡುವ ನಮ್ಮ ವಯಸ್ಸಿನವರಿಗೆ, ಒಂದು ಸಿನಿಮಾದಲ್ಲಾದರೂ ಸ್ವಂತಕ್ಕೆ ತಪ್ಪು ಮಾಡುವ ಅವಕಾಶ ಬೇಡವೇ?

ಕೊನೆಗೆ ಎರಡು ವಿಮರ್ಶೆ ಪೂರ್ತಿ ಓದಿದೆವು. ಕಥೆ ತೆಳು, ಫೈಟು ಜೋರು ಎಂದಿತ್ತು. ತಮ್ಮನಿಗೆ ಬೇಕಿದ್ದದ್ದೂ ಫೈಟೇ. ಪಾಪ್‌ಕಾರ್ನ್ ಬಿಟ್ಟು, ಬುತ್ತಿ ಕಟ್ಟಿಕೊಂಡು ಬೆಳಗಿನ ಆಟಕ್ಕೆ ಹೋಗುವುದೆಂದು ತೀರ್ಮಾನವಾಯಿತು.

‘ಚೆನ್ನಾಗಿಲ್ವಂತಲ್ಲೋ?’ ಎಂದರು ಅಮ್ಮ, ದುಡ್ಡು ಕೊಡುತ್ತಾ.

‘ನೋಡ್ಕಂಡ್ ಬಂದು ನಾನೇ ಹೇಳ್ತೀನಿ ಕಣಮ್ಮ’ ಎಂದ ತಮ್ಮ.