ಮನೆ ಖಾಲಿ ಇದೆ, ನಮಗಲ್ಲ

ಊರು ಬಿಟ್ಟು ಪಟ್ಟಣಕ್ಕೆ ಹೊರಟವನಿಗೆ ಬಲ್ಲವರು ಬುದ್ಧಿ ಹೇಳುತ್ತಾರೆ: ನೀರು ಚೆನ್ನಾಗಿ ಬರುವ ಬಡಾವಣೆ ನೋಡಿ, ಮಕ್ಕಳ ಸ್ಕೂಲು ಹತ್ತಿರ ಇರಲಿ, ಬಸ್‌ಸ್ಟ್ಯಾಂಡು ದೂರ ಆಗಬಾರದು, ಅಕ್ಕಪಕ್ಕದವರು ಒಳ್ಳೆಯವರಾಗಿರಲಿ. ಈ ಬುದ್ಧಿಮಾತು ಯಾರಿಗೆ ಹೇಳಿದ್ದು? ಆರಿಸಿಕೊಳ್ಳುವ ಹಕ್ಕು ಇದ್ದವರಿಗೆ. ನಾವು ಬಡಾವಣೆಯನ್ನು ಆರಿಸುವುದಿಲ್ಲ. ಬಡಾವಣೆಯೇ ನಮ್ಮನ್ನು ಆರಿಸುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿ ಆಚೆಗೆ ಎಸೆಯುತ್ತದೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗೆ ಕಲ್ಪತರು ನಾಡು ಅಂತ ಹೆಸರು. ಕೇಳಿದ್ದು ಕೊಡುವ ಮರ ಕಲ್ಪತರುವಂತೆ. ನಾವು ಕೇಳಿದ್ದು ಎರಡು ಕೋಣೆ, ಒಂದು ನಲ್ಲಿ. ಕೊಡಲಿಲ್ಲ. ಈ ಸೀಮೆಯ ತೋಟಗಳಲ್ಲಿ ಕಾಯಿ ಆಯುವವರು, ಹೊರುವವರು, ಅಟ್ಟಕ್ಕೆ ಏರಿಸುವವರು ಯಾರು? ತಿಂಗಳುಗಟ್ಟಲೆ ಅಟ್ಟದಲ್ಲಿ ಕೂತು ಒಳಗಿನ ನೀರೆಲ್ಲ ಇಂಗಿದ ಮೇಲೆ ಇಳಿಸಿ, ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿಯನ್ನು ಚೀಲಕ್ಕೆ ತುಂಬುವವರು ಯಾರು? ಅದರಲ್ಲಿ ಹೊಲೆಯ ಮಾದಿಗರ ಕೈ ಎಷ್ಟಿದೆ ಎಂದು ತೋಟದವರನ್ನೇ ಕೇಳಿ. ಆ ಕೊಬ್ಬರಿ ತಿಪಟೂರು ಮಾರುಕಟ್ಟೆಯಲ್ಲಿ ಹರಾಜಾಗಿ ಉತ್ತರ ಭಾರತಕ್ಕೆ ಹೋಗುತ್ತದೆ. ಅಲ್ಲಿ ಮದುವೆಗೂ ಸಲ್ಲುತ್ತದೆ, ದೇವರಿಗೂ ಸಲ್ಲುತ್ತದೆ. ಮೈಲಿಗೆ ಆಗುವುದಿಲ್ಲ. ಅದೇ ಕೊಬ್ಬರಿ ದುಡ್ಡಿನಲ್ಲಿ ಪಟ್ಟಣದಲ್ಲಿ ಮನೆ ಕಟ್ಟಿ ಬಾಡಿಗೆಗೆ ಬಿಡುತ್ತಾರೆ. ಕಾಯಿಗೆ ವರ್ಷವೆಲ್ಲ ಅಟ್ಟದ ಮೇಲೆ ಜಾಗ ಕೊಡುವ ಧಣಿ, ಕಾಯಿ ಏರಿಸಿದವನ ಮಗನಿಗೆ ಒಂದು ತಿಂಗಳ ಬಾಡಿಗೆಗೂ ಜಾಗ ಕೊಡುವುದಿಲ್ಲ.

ನಮ್ಮ ಹುಡುಗರು ಹಾಸ್ಟೆಲಿನ ಅನ್ನ ಉಂಡು ಓದಿದರು. ಮೇಷ್ಟರಾದರು, ಗುಮಾಸ್ತರಾದರು, ನರ್ಸುಗಳಾದರು. ವರ್ಗ ಆದ ಕಡೆ ಮನೆ ಹುಡುಕಬೇಕು. ಗೇಟಿಗೆ ಬೋರ್ಡು ನೇತು ಹಾಕಿರುತ್ತಾರೆ. ಒಳಗೆ ಹೋದರೆ ಕಾಫಿ ಕೊಡುವ ಮೊದಲು ಪರೀಕ್ಷೆ ಶುರು. ಹೆಸರೇನು? ತಂದೆ ಹೆಸರೇನು? ಯಾವೂರು? ಊರಲ್ಲಿ ಯಾವ ಬೀದಿ? ಮನೆದೇವರು ಯಾವುದು? ಇಷ್ಟಕ್ಕೂ ಬಾಯಿ ಬಿಡದಿದ್ದರೆ ಕೊನೆಗೆ ನೇರವಾಗಿ, "ತಪ್ಪು ತಿಳ್ಕಬೇಡಿ ಸಾರ್, ನೀವು ಯಾವ ಜನ?" ಹೇಳಿದ ಮೇಲೆ ಮುಖ ಬದಲಾಗುತ್ತದೆ. "ನಮ್ಮದೇನೂ ಇಲ್ಲ ಕಣಪ್ಪ, ನಮ್ಮ ತಾಯಿ ಹಳೇ ಕಾಲದೋರು." "ಅಯ್ಯೋ, ನಿನ್ನೆ ತಾನೆ ಬೇರೆಯೋರ ಹತ್ರ ಅಡ್ವಾನ್ಸ್ ತಗಂಡ್ಬಿಟ್ವಿ." ಎರಡು ತಿಂಗಳಾದರೂ ಬೋರ್ಡು ಮಾತ್ರ ಇಳಿಯುವುದಿಲ್ಲ. ಬಂದವನನ್ನು ಯಾರೆಂದು ಕೇಳದೆ ನಮ್ಮವನೆನ್ನಿ ಎಂದು ಸಾರಿದ ಬಸವಣ್ಣನ ಪಟ ಅದೇ ಗೋಡೆಯ ಮೇಲಿರುತ್ತದೆ. ಅದರ ಕೆಳಗೇ ಕೂತು ಯಾರೆಂದು ಕೇಳುತ್ತಾರೆ.

ಇತ್ತೀಚೆಗೆ ನಾಜೂಕು ಬಂದಿದೆ. ಜಾತಿ ಎನ್ನುವುದಿಲ್ಲ, "ಸಸ್ಯಾಹಾರಿಗಳಿಗೆ ಮಾತ್ರ" ಎನ್ನುತ್ತಾರೆ. ಸ್ವಾಮಿ, ಬಾಡು ತಿನ್ನುವ ಮೇಲುಜಾತಿಯವರು ಅದೇ ಮನೆಗೆ ಬಂದರೆ "ಭಾನುವಾರ ಒಂದಿನ ಮಾಡ್ಕಳಿ, ವಾಸನೆ ಬರದಂಗೆ" ಎಂದು ಬೀಗದಕೈ ಕೊಡುವುದನ್ನು ನಾವು ನೋಡಿದ್ದೇವೆ. ಬಾಡೇ ಬಿಟ್ಟ ನಮ್ಮವನಿಗೆ ಬೀಗದಕೈ ಸಿಗುವುದಿಲ್ಲ. ಕೇಳುವುದು ಸಾರಿನ ಬಗ್ಗೆ, ತಿಳಿಯಬೇಕಾದ್ದು ಹುಟ್ಟಿನ ಬಗ್ಗೆ.

ಸುತ್ತಿ ಸುತ್ತಿ ನಮ್ಮವನು ಸೇರುವುದು ಎ.ಕೆ. ಕಾಲೋನಿಗೇ. ಹಳ್ಳಿಯಲ್ಲಿ ಹಟ್ಟಿ, ಪಟ್ಟಣದಲ್ಲಿ ಕಾಲೋನಿ. ಪಟ್ಟಣ ಕೇರಿಯನ್ನು ಅಳಿಸಲಿಲ್ಲ, ಅದಕ್ಕೊಂದು ವಾರ್ಡ್ ನಂಬರು ಕೊಟ್ಟಿತು.

"ಹಾಗಾದರೆ ದೊಡ್ಡ ಊರಿಗೆ ಹೋಗಿ, ಬೆಂಗಳೂರಲ್ಲಿ ಯಾರು ಜಾತಿ ಕೇಳ್ತಾರೆ" ಎನ್ನುವವರಿದ್ದಾರೆ. ದೊಡ್ಡ ಊರು ಜಾತಿ ಕೇಳುವುದಿಲ್ಲವೇ? 1917ರಲ್ಲಿ ಅಮೆರಿಕದಲ್ಲೂ ಲಂಡನ್ನಿನಲ್ಲೂ ಓದಿ ಬಂದ ಅಂಬೇಡ್ಕರ್ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದರು. ಇಳಿದುಕೊಳ್ಳಲು ಜಾಗ ಸಿಗಲಿಲ್ಲ. ಕೊನೆಗೆ ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಕೆಲವೇ ದಿನಗಳಲ್ಲಿ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಹಿಂದೂ ಗೆಳೆಯನೊಬ್ಬ, ಕ್ರೈಸ್ತ ಗೆಳೆಯನೊಬ್ಬ, ಇಬ್ಬರೂ ನೆಪ ಹೇಳಿದರು. ಮುಂಬಯಿ ರೈಲು ಬರುವವರೆಗೆ ಆ ವಿದ್ವಾಂಸ ಊರಿನ ಉದ್ಯಾನದಲ್ಲಿ ಕೂತಿರಬೇಕಾಯಿತು. ಅದು ನೂರು ವರ್ಷದ ಹಿಂದಿನ ಮಾತು ಎನ್ನಬೇಡಿ. 2011ರ ಜನಗಣತಿಯ ಲೆಕ್ಕ ಹಿಡಿದು ಸಂಶೋಧಕರು ನಮ್ಮ ಮಹಾನಗರಗಳನ್ನು ನೆರೆಹೊರೆಯ ಮಟ್ಟದಲ್ಲಿ ಅಳೆದು ನೋಡಿದ್ದಾರೆ. ನಗರ ದೊಡ್ಡದಾದ ಮಾತ್ರಕ್ಕೆ ಜಾತಿಯ ಬೇಲಿ ಕಿತ್ತುಹೋಗಲಿಲ್ಲ ಎಂಬುದೇ ಅವರು ಕಂಡದ್ದು.

"ಹಾಗಾದರೆ ಊರಲ್ಲೇ ಇರಿ" ಎನ್ನುವವರೂ ಇದ್ದಾರೆ. ಊರಲ್ಲೇ ಇದ್ದ ಏಳು ಜನ ದಲಿತರನ್ನು 2000ದ ಮಾರ್ಚಿಯಲ್ಲಿ ಕಂಬಾಲಪಲ್ಲಿಯಲ್ಲಿ ಜೀವಂತ ಸುಟ್ಟರು. ಹಳ್ಳಿಯ ಸೊಬಗನ್ನು ನಮಗೆ ಹಾಡಬೇಡಿ.

ಇನ್ನು ಕೆಲವರು ಕಾನೂನು ಮಾತಾಡುತ್ತಾರೆ. "ಮನೆ ಅವರದು, ಯಾರಿಗೆ ಬೇಕಾದರೂ ಕೊಡ್ತಾರೆ, ಬಿಡ್ತಾರೆ." ಹಾಗಲ್ಲ. ದೇಶದ ಯಾವ ಮೂಲೆಯಲ್ಲಾದರೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯ 4ನೇ ಕಲಮು ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟುವುದಕ್ಕೆ, ಪಡೆಯುವುದಕ್ಕೆ, ವಾಸಿಸುವುದಕ್ಕೆ ಅಸ್ಪೃಶ್ಯತೆಯ ಹೆಸರಲ್ಲಿ ಅಡ್ಡಿ ಮಾಡುವುದು ಅಪರಾಧ ಎನ್ನುತ್ತದೆ. 12ನೇ ಕಲಮು ಇನ್ನೂ ಮುಂದೆ ಹೋಗುತ್ತದೆ: ಅಂಥ ಕೃತ್ಯ ಪರಿಶಿಷ್ಟ ಜಾತಿಯವರ ಮೇಲೆ ನಡೆದಿದ್ದರೆ, ಅಸ್ಪೃಶ್ಯತೆಯ ಕಾರಣಕ್ಕಲ್ಲ ಎಂದು ಸಾಬೀತು ಮಾಡುವ ಭಾರ ಮಾಡಿದವನದೇ. ಶಿಕ್ಷೆ ಒಂದರಿಂದ ಆರು ತಿಂಗಳು ಜೈಲು, ನೂರರಿಂದ ಐನೂರು ರೂಪಾಯಿ ದಂಡ. ಇವತ್ತು ಐನೂರು ರೂಪಾಯಿ ಮನೆ ಮಾಲೀಕನಿಗೆ ಯಾವ ಲೆಕ್ಕ? ಆದರೂ ಕಾನೂನು ಇದೆ. ಅದನ್ನು ಯಾವ ಪೊಲೀಸ್ ಠಾಣೆ ಗೋಡೆಯ ಮೇಲೆ ಬರೆಸಿದೆ? ಇನ್ನೊಂದು ಕಡೆ, 2005ರಲ್ಲಿ ಅಹಮದಾಬಾದಿನ ಪಾರ್ಸಿ ಗೃಹ ನಿರ್ಮಾಣ ಸಹಕಾರ ಸಂಘವೊಂದರ ಮೊಕದ್ದಮೆಯಲ್ಲಿ, ಸದಸ್ಯತ್ವವನ್ನು ತಮ್ಮ ಜನಕ್ಕೇ ಮೀಸಲಿಡಬಹುದು ಎಂದು ಸುಪ್ರೀಂ ಕೋರ್ಟು ಒಪ್ಪಿತು. ಸಣ್ಣ ಸಮುದಾಯವೊಂದು ತನ್ನ ಉಳಿವಿಗೆ ಕೇಳಿದ್ದು ಅದು ಎನ್ನಬಹುದು. ಆದರೆ ಆ ಬಾಗಿಲಿನಿಂದ ಬಲಾಢ್ಯ ಜಾತಿಗಳ ಗೃಹ ನಿರ್ಮಾಣ ಸಂಘಗಳೂ ಒಳಗೆ ನುಗ್ಗಬಹುದಲ್ಲ? ಉದ್ಯೋಗದಲ್ಲಿ ಮೀಸಲಾತಿ ಎಂದರೆ ಮೈ ಉರಿಯುವ ಜನ, ಬಡಾವಣೆಗೆ ಬಡಾವಣೆಯನ್ನೇ ಮೀಸಲು ಮಾಡಿಕೊಂಡು ಸುಖವಾಗಿ ಮಲಗುತ್ತಾರೆ.

ಇದೆಲ್ಲ ತಾಳಲಾರದೆ ನಮ್ಮವರಲ್ಲಿ ಕೆಲವರು ಜಾತಿ ಮುಚ್ಚಿ ಮನೆ ಹಿಡಿಯುತ್ತಾರೆ. ಅವರನ್ನು ಹಂಗಿಸಲು ನಮಗೆ ಬಾಯಿಲ್ಲ. ಬರೋಡಾದಲ್ಲಿ ಬಾಬಾಸಾಹೇಬರೇ ಹೆಸರು ಮರೆಸಬೇಕಾಯಿತು. ಆದರೆ ಲೆಕ್ಕ ನೋಡಿ. ಮನೆಯ ಬಾಡಿಗೆ ತಿಂಗಳಿಗೊಂದು ಸಲ. ಸುಳ್ಳಿನ ಬಾಡಿಗೆ ದಿನಾ ಕಟ್ಟಬೇಕು. ಅಂಬೇಡ್ಕರ್ ಪಟ ಬೀರುವಿನೊಳಗೆ ಹೋಗುತ್ತದೆ. ಹಟ್ಟಿಯಿಂದ ಅವ್ವ ಬಂದರೆ "ಹೊರಗೆ ಕೂತು ಮಾತಾಡಬೇಡ" ಎನ್ನಬೇಕು. ತಮ್ಮನಿಗೆ "ಬರೋಕೆ ಮುಂಚೆ ಫೋನ್ ಮಾಡು" ಎನ್ನಬೇಕು. ಮಗು "ನಾವ್ಯಾರಪ್ಪಾ" ಎಂದು ಕೇಳಿದರೆ ಅದರ ಬಾಯಿ ಮುಚ್ಚಿಸಬೇಕು. ಹೆತ್ತವಳನ್ನು ಬಚ್ಚಿಟ್ಟು ಪಡೆದ ಸೂರು ಸೂರಲ್ಲ. ಬಾಬಾಸಾಹೇಬರು ಬರೋಡಾದ ಕಥೆಯನ್ನು ಬಚ್ಚಿಡಲಿಲ್ಲ, ಲೋಕಕ್ಕೆ ಬರೆದು ತಿಳಿಸಿದರು. ನಮಗೆ ದಾರಿ ಅದು.

ಈಗ ನಮ್ಮ ಪಕ್ಕದಲ್ಲೇ ಇರುವವರಿಗೆ ಒಂದು ಮಾತು. ಬಂಡಾಯದ ವೇದಿಕೆಯಲ್ಲಿ ಹೆಗಲ ಮೇಲೆ ಕೈ ಹಾಕುವ, ಜೊತೆಗೆ ಟೀ ಕುಡಿಯುವ ಶೂದ್ರ ಗೆಳೆಯರೇ, ಪ್ರಗತಿಪರ ಮೇಷ್ಟರುಗಳೇ, ನಿಮ್ಮ ಮನೆಯ ಮಹಡಿ ಹೋದ ಸಲ ಖಾಲಿಯಾದಾಗ ಯಾರಿಗೆ ಕೊಟ್ಟಿರಿ? "ನಮ್ಮ ಮನೆಯೋರು ಒಪ್ಪಲ್ಲ" ಎಂದು ಹೆಂಡತಿ ಮೇಲೆ, ಅಮ್ಮನ ಮೇಲೆ ಹಾಕಬೇಡಿ. ವೇದಿಕೆ ಮೇಲೆ ಜಾತಿ ಬಿಡುವುದು ಸುಲಭ, ಮಹಡಿ ಬಿಡುವುದು ಕಷ್ಟ. ನಿಮ್ಮ ಕ್ರಾಂತಿಯನ್ನು ನಾವು ಭಾಷಣದಲ್ಲಿ ಅಳೆಯುವುದಿಲ್ಲ, ಬಾಡಿಗೆ ಕರಾರಿನಲ್ಲಿ ಅಳೆಯುತ್ತೇವೆ.

ಕೆಲಸ ಇದೆ, ಬನ್ನಿ. ನಮ್ಮ ಹುಡುಗನಿಗೆ ಬೆಳಿಗ್ಗೆ "ಖಾಲಿ ಇಲ್ಲ" ಎಂದ ಮನೆಗೆ ಸಾಯಂಕಾಲ ನೀವು ಹೋಗಿ ಕೇಳಿ. ನಿಮಗೆ ಖಾಲಿ ಇದ್ದರೆ ದಿನ, ಹೊತ್ತು, ಆಡಿದ ಮಾತು ಬರೆದಿಡಿ. ಸಾಕ್ಷಿ ಹೇಳಲು ಠಾಣೆಗೆ ಜೊತೆಯಲ್ಲಿ ಬನ್ನಿ. ಪ್ರತಿ ತಾಲ್ಲೂಕಿನಲ್ಲೂ ಇಂಥ ಒಂದು ದೂರಾದರೂ ದಾಖಲಾಗಬೇಕು. ನಗರಸಭೆ, ಪುರಸಭೆ, ಪಟ್ಟಣ ಪಂಚಾಯ್ತಿಗಳನ್ನು ನಾವು ಕೇಳುವುದು ಇಷ್ಟೇ: ನಮಗೆ ನಿವೇಶನ ಕೊಡುವಾಗ ಊರಾಚೆಗೆ ಒಂದು ಗುಡ್ಡೆ ಹಾಕಬೇಡಿ. ಎಲ್ಲರ ಬಡಾವಣೆಯ ನಡುವೆ, ಎಲ್ಲರ ನಲ್ಲಿ, ಎಲ್ಲರ ರಸ್ತೆ ಇರುವ ಕಡೆ ಕೊಡಿ. ಪ್ರತ್ಯೇಕ ಕಾಲೋನಿ ಎಂಬ ದಾನ ನಮಗೆ ಬೇಡ.

ನಾವು ಹೆಸರು ಹೇಳಿಕೊಂಡೇ ಬರುತ್ತೇವೆ. ಹಟ್ಟಿಯ ಹೆಸರು, ಅಪ್ಪನ ಹೆಸರು, ಅವ್ವನ ಹೆಸರು, ಎಲ್ಲ ಹೇಳುತ್ತೇವೆ. ಬಾಡಿಗೆ ಕೊಡುತ್ತೇವೆ, ಭಿಕ್ಷೆ ಕೇಳುತ್ತಿಲ್ಲ. ಬಾಗಿಲು ತೆಗೆಯಿರಿ.