ಗಂಟು ಕಾಣುತ್ತೆ, ಆಮೇಲೆ?

ನಮ್ಮೂರು ಚಿಂತಾಮಣಿ ಹತ್ತಿರ. ಹಿತ್ತಲಿಗೆ ಬಂದರೆ ಅಂಬಾಜಿದುರ್ಗದ ಬೆಟ್ಟ ಕಾಣುತ್ತೆ. ಅಲ್ಲಿ ನಮ್ಮ ದೊಡ್ಡಮ್ಮ ಎದೆಯಲ್ಲಿದ್ದ ಗಂಟನ್ನು ಎಂಟು ತಿಂಗಳು ಸೆರಗಿನಡಿ ಮುಚ್ಚಿಟ್ಟುಕೊಂಡಿದ್ದರು. ಯಾಕಮ್ಮಾ ಹೇಳ್ಲಿಲ್ಲ ಅಂದ್ರೆ, "ನೋವಿರ್ಲಿಲ್ಲ ಕಣಪ್ಪಾ. ಹುಳ ನಾಲ್ಕನೇ ಜ್ವರದಾಗಿತ್ತು, ಬಿಟ್ಟು ಹೋದ್ರೆ ಸೊಪ್ಪು ಹಾಕೋರ್ಯಾರು?" ಅಂದರು. ಆ ಬೆಳೆ ಮುಗೀತು, ಇನ್ನೊಂದು ಬೆಳೆ ಬಂತು.

ಮೊನ್ನೆ ಆಫೀಸಿನ ಕ್ಯಾಂಟೀನಲ್ಲಿ ಗೆಳೆಯನೊಬ್ಬ ಮೈಕ್ರೋವೇವ್ ರೇಡಾರ್ ಚಿತ್ರ ತೋರಿಸಿದ. "ಎಕ್ಸ್‌ರೇ ಇಲ್ಲ, ಎದೆ ಒತ್ತೋದಿಲ್ಲ. ಚಿತ್ರ ಇನ್ನೊಂಚೂರು ಸ್ಪಷ್ಟ ಮಾಡಿಬಿಟ್ರೆ ಹಳ್ಳಿ ಹೆಂಗಸರ ಸಮಸ್ಯೆ ಮುಗೀತು ಮಗಾ."

ಮುಗಿಯಲ್ಲ.

ತಂತ್ರ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಅಡುಗೆಮನೆಯ ಓವನ್ ನೆನಪಾಗಿ ಹೆದರಬೇಡಿ, ಇಲ್ಲಿ ಬಳಸುವ ಶಕ್ತಿ ತೀರಾ ಕಡಿಮೆ. ಸುತ್ತ ಇಟ್ಟ ಆಂಟೆನಾಗಳು ಅಲೆ ಕಳಿಸುತ್ತವೆ. ನೀರಿನಂಶ ಹೆಚ್ಚಿರುವ ಗಡ್ಡೆ ಅದನ್ನು ಕೊಬ್ಬಿಗಿಂತ ಬೇರೆ ರೀತಿ ಹಿಂದಿರುಗಿಸುತ್ತೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಇಂಥ ಯಂತ್ರ ಮಾಡಿ ರೋಗಿಗಳ ಮೇಲೆ ಪರೀಕ್ಷಿಸಿದ್ದಾರೆ. ಆದರೆ 2007ರಲ್ಲಿ ಅಮೆರಿಕ-ಕೆನಡಾದ ಸಂಶೋಧಕರು ಅಳೆದು ನೋಡಿದಾಗ, ಗಡ್ಡೆಗೂ ಕೊಬ್ಬಿಗೂ ಇರುವ ವ್ಯತ್ಯಾಸ ಹತ್ತು ಪಟ್ಟಿನವರೆಗೆ, ಗಡ್ಡೆಗೂ ಹಾಲಿನ ಗ್ರಂಥಿಗೂ ಇರುವುದು ಬರೀ ಶೇ. 10ರ ಆಸುಪಾಸು. ಗ್ರಂಥಿ ದಟ್ಟವಾಗಿರುವುದು ಹೆಚ್ಚಾಗಿ ಚಿಕ್ಕ ವಯಸ್ಸಿನವರಲ್ಲಿ. ಮ್ಯಾಮೊಗ್ರಾಮ್ ಎಡವೋದೂ ಅಲ್ಲೇ. ಹಾಗಾಗಿ ಕೆಲಸ ಬಾಕಿ ಇದೆ, ಮಾಡೋಣ. ಆದರೆ ದೊಡ್ಡಮ್ಮನಂಥವರು ಸಾಯ್ತಿರೋದು ಚಿತ್ರ ಮಸುಕಾಗಿರೋದಕ್ಕೆ ಅಂತ ಸುಳ್ಳು ಹೇಳಬೇಡಿ.

ಮುಂಬೈಯ ಟಾಟಾ ಮೆಮೋರಿಯಲ್‌ನವರು 1998ರಿಂದ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಎರಡು ಗುಂಪು ಮಾಡಿ ಇಪ್ಪತ್ತು ವರ್ಷ ಗಮನಿಸಿದರು. ಒಂದು ಗುಂಪಿನವರ ಎದೆಯನ್ನು ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದರು. ಐವತ್ತು ದಾಟಿದವರಲ್ಲಿ ಈ ಕ್ಯಾನ್ಸರಿನ ಸಾವು ಶೇ. 30ರ ಹತ್ತಿರ ಇಳಿಯಿತು. ಐವತ್ತರೊಳಗಿನವರಲ್ಲಿ ಆ ಲಾಭ ಕಾಣಲಿಲ್ಲ, ಅದನ್ನೂ ಹೇಳಲೇಬೇಕು. ಆದರೂ ಬೆರಳುಗಳು ಸ್ವಾಮಿ, ಬರೀ ಬೆರಳುಗಳು! 2016ರಲ್ಲೇ ಕೇಂದ್ರ ಸರ್ಕಾರ ಮೂವತ್ತು ದಾಟಿದವರಿಗೆಲ್ಲ ಐದು ವರ್ಷಕ್ಕೊಮ್ಮೆ ಈ ತಪಾಸಣೆ ಆಗಬೇಕು ಅಂತ ಮಾರ್ಗಸೂಚಿ ಕೊಟ್ಟಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: 30ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ತಪಾಸಣೆ ಆದವರು ನೂರಕ್ಕೆ ಒಬ್ಬರೂ ಇಲ್ಲ.

ಕೈಯಿಂದ ಮಾಡಲಾಗದ್ದನ್ನು ಯಂತ್ರ ಮಾಡುತ್ತೆ ಅಂತೀರಾ? ಯಂತ್ರವನ್ನೂ ಯಾರೋ ಊರಿಗೆ ತರಬೇಕು, ಯಾರೋ "ಬಾರಮ್ಮಾ" ಅಂತ ಕರೀಬೇಕು. ಅನುಮಾನ ಅಂತ ಬಂದರೆ ಬಯಾಪ್ಸಿಗೆ ಕರ್ಕೊಂಡು ಹೋಗಬೇಕು. ದೊಡ್ಡಮ್ಮನ ಮ್ಯಾಮೊಗ್ರಾಮ್ ಹತ್ತು ನಿಮಿಷದ ಕೆಲಸ. ಅಲ್ಲಿಂದ ಚಿಕಿತ್ಸೆ ಶುರುವಾಗೋಕೆ ಏಳು ವಾರ. ಬೆಂಗಳೂರಿಗೆ ಹೋದ ಪ್ರತಿ ದಿನವೂ ಹುಳಕ್ಕೆ ಸೊಪ್ಪು ಹಾಕೋಕೆ ಕೂಲಿಯವರನ್ನು ಹಿಡಿಯಬೇಕಿತ್ತು. ನಮ್ಮ ಡೆಮೊಗಳಲ್ಲಿ ನಿಖರತೆ ಎಷ್ಟು ಅಂತ ದೊಡ್ಡ ಅಕ್ಷರದಲ್ಲಿ ಹಾಕ್ತೀವಲ್ಲ, ಪಕ್ಕದಲ್ಲೇ "ಪತ್ತೆಯಿಂದ ಚಿಕಿತ್ಸೆಗೆ ಎಷ್ಟು ದಿನ" ಅಂತ ಇನ್ನೊಂದು ಅಂಕಿ ಹಾಕಿ ನೋಡೋಣ.

ಗೆಳೆಯನಿಗೆ ಇಷ್ಟೂ ಹೇಳಿದೆ. "ಅದು ನಮ್ಮ ಸ್ಕೋಪ್ ಅಲ್ಲ ಮಗಾ" ಅಂದ. ಸ್ಕೋಪ್ ಬರೆದವರು ನಾವೇ ತಾನೆ?

ದೊಡ್ಡಮ್ಮ ಈಗ ಹುಳದ ಮನೆಗೆ ಹೋಗ್ತಾರೆ. ಎಡಗೈ ಪೂರ್ತಿ ಮೇಲೆತ್ತೋಕಾಗಲ್ಲ, ಚಂದ್ರಿಕೆ ಎತ್ತಿಡೋಕೆ ಸೊಸೆ ಬರಬೇಕು.